ಕಿವಿ ಮೇಸ್ತ್ರಿಯ ಫಿಲ್ಲರ್ ಗೇಜ್

ನನ್ನ ಗಂಡನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುವುದು. ಕಿವಿಯೇನೂ ದೊಡ್ಡದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಒಳಗಿನ ಕಾಯಿಲೆ ಹೇಳಿಬಿಡುತ್ತಾರೆ. ಮೂವತ್ತು ವರ್ಷದಿಂದ ಇದೇ ಕಸುಬು. ಅಳತೆಯ ಸಾಮಾನು ಕಂಡರೆ ಅವರಿಗಾಗದು. ವಾಲ್ವಿನ ಸಂದು ಅಳೆಯುವ ತೆಳು ತಗಡುಗಳ ಕಟ್ಟು, ಫಿಲ್ಲರ್ ಗೇಜು, ಮದುವೆಯಾದ ವರ್ಷವೇ ನನ್ನ ಹೊಲಿಗೆ ಯಂತ್ರದ ಡ್ರಾಯರು ಸೇರಿತ್ತು. ನಾನು ಟೈಲರ್. ಟೇಪು ಹಿಡಿಯದೆ ಒಂದು ಗುಂಡಿಯನ್ನೂ ಹಚ್ಚುವವಳಲ್ಲ. ಇವರ ರಿಪೇರಿ ಶೆಡ್ಡಿಗೂ ನನ್ನ ಹೊಲಿಗೆ ಕೋಣೆಗೂ ನಡುವೆ ಒಂದೇ ಬಾಗಿಲು. ಆ ಬಾಗಿಲಲ್ಲಿ ನಿಂತು ನಾವು ಒಬ್ಬರನ್ನೊಬ್ಬರು ಹಂಗಿಸಿಕೊಳ್ಳುತ್ತಲೇ ಮೂವತ್ತು ವರ್ಷ ಕಳೆದಿದ್ದೇವೆ.

ಇವರ ಅಕ್ಕ, ಎಂದರೆ ನನ್ನ ಅತ್ತಿಗೆ, ಶಾಲೆ ಮಕ್ಕಳ ವ್ಯಾನು ಓಡಿಸುತ್ತಾರೆ. ಒಂಟಿ ಹೆಂಗಸು. ಬೆಳಗಾದರೆ ಹಾಸಿಗೆ ಬಿಟ್ಟೇಳಲು ಆ ವ್ಯಾನೊಂದೇ ಕಾರಣ ಎಂದು ಅವರೇ ಹೇಳುತ್ತಿದ್ದರು. ಎರಡು ತಿಂಗಳ ಹಿಂದೆ ಇವರು ಅದರ ಇಂಜಿನ್ ಟ್ಯೂನ್ ಮಾಡಿಕೊಟ್ಟಿದ್ದರು. ಈಗ ಅದು ಸಣ್ಣ ಏರು ಕಂಡರೂ ಏದುಸಿರು ಬಿಡುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಮೊಂಡು ಹಿಡಿಯುತ್ತದೆ ಎಂದು ತಂದು ನಿಲ್ಲಿಸಿದರು.

ಇವರು ರೇಡಿಯೇಟರಿನ ಮುಚ್ಚಳ ತೆಗೆದರು. ಹಸಿರಾಗಿರಬೇಕಿದ್ದ ಕೂಲೆಂಟು ನೀರು ಹಾಲು ಹೆಚ್ಚಾದ ಟೀಯ ಹಾಗೆ ಕದಡಿತ್ತು, ಮೇಲೆ ಜಿಡ್ಡು. ಇವರ ಮುಖ ಸಣ್ಣಗಾಯಿತು. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಮೀಟರು ಸಿಕ್ಕಿಸಿದರು. ಅಳತೆಯ ಸಾಮಾನುಗಳಲ್ಲಿ ಇವರು ಮುಟ್ಟುವುದು ಅದೊಂದನ್ನೇ. ನಾನು ಕೀ ತಿರುಗಿಸಿದೆ. ನೂರ ಅರವತ್ತು, ತೊಂಬತ್ತೈದು, ತೊಂಬತ್ತು, ನೂರ ಐವತ್ತೈದು. ಚಾಕ್‌ಪೀಸಿನಲ್ಲಿ ಬಾಗಿಲ ಮೇಲೆ ಬರೆದೆ.

"ನಡುವಿನ ಎರಡೂ ಮಲಗಿವೆ," ಎಂದರು. ಆ ಎರಡಕ್ಕೂ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಪಿಸ್ಟನ್ನಿನ ರಿಂಗು ಸವೆದಿದ್ದರೆ ಆಯಿಲ್ ಬಿದ್ದೊಡನೆ ಒತ್ತಡ ಏರಬೇಕಂತೆ. ಏರಲಿಲ್ಲ. "ಪಕ್ಕಪಕ್ಕದ ಎರಡು ಸಿಲಿಂಡರು, ಮೇಲೆ ನೀರಲ್ಲಿ ಆಯಿಲ್. ಗ್ಯಾಸ್ಕೆಟ್ ಹೋಗಿದೆ, ಇಲ್ಲಾ ಹೆಡ್ಡೇ ಬಿರುಕು ಬಿಟ್ಟಿದೆ." ಸಿಲಿಂಡರುಗಳ ಮೇಲೆ ಕೂರುವ ಲೋಹದ ತಲೆಯೇ ಹೆಡ್ಡು; ಅದರಡಿ ನೀರೂ ಆಯಿಲ್ಲೂ ಬೆರೆಯದಂತೆ ತಡೆಯುವ ಹಾಳೆ ಗ್ಯಾಸ್ಕೆಟ್.

ಹಾಗೆಂದವರು ಐದೇ ನಿಮಿಷಕ್ಕೆ ತಲೆ ಕೆರೆದುಕೊಂಡರು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಸ್ವಚ್ಛ. ಇಂಜಿನ್ ಓಡಿಸಿದರೆ ರೇಡಿಯೇಟರಿನಲ್ಲಿ ಒಂದು ಗುಳ್ಳೆಯಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ, ಬಿಸಿಯೂ ಏರುತ್ತಿಲ್ಲ. ಹೆಡ್ ಬಿರುಕು ಬಿಟ್ಟಿದ್ದರೆ ಇವೆಲ್ಲ ಇರಬೇಕಿತ್ತು. ಸ್ಕ್ರೂಡ್ರೈವರ್ ಕಿವಿಗಿಟ್ಟರು, ತೆಗೆದರು, ಇನ್ನೊಂದು ಕಿವಿಗಿಟ್ಟರು. ಎಂದೂ ಎರಡನೇ ಕಿವಿ ಬಳಸಿದವರಲ್ಲ.

"ಏನಂತೆ?" ಎಂದೆ.

"ಏನೂ ತಿಳೀತಿಲ್ಲ ಕಣೇ."

ಮೂರು ದಿನ ಹೀಗೇ. ಊಟಕ್ಕೆ ಕೂತರೆ ಗ್ಯಾಸ್ಕೆಟ್, ಕೈ ತೊಳೆಯುವಾಗ ಹೆಡ್ಡು, ಚಪ್ಪಲಿ ಮೆಟ್ಟುವಾಗ ಎರಡೂ ಅಲ್ಲ. ನನಗಂತೂ ರೇಗಿಹೋಗಿತ್ತು. "ಬಿಚ್ಚಿ ನೋಡಬಾರದಾ?" ಎಂದರೆ "ಬಿಚ್ಚಿದ ಮೇಲೂ ಗೊತ್ತಾಗದಿದ್ರೆ?" ಎಂದರು. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಇವರ ಬಾಯಲ್ಲಿ ಅಂಥ ಮಾತು ಬಂದದ್ದೇ ಇಲ್ಲ.

ನಾಲ್ಕನೇ ದಿನ ಅಕ್ಕನಿಗೆ ಹೇಳಿಯೇಬಿಟ್ಟರು: "ಹೆಡ್ ಹೋಗಿದೆ ಅಕ್ಕ. ಈ ಮಾಡೆಲ್ಲಿಗೆ ಹೊಸದು ಸಿಗಲ್ಲ. ಗುಜರಿಗೆ ಕೊಟ್ಟುಬಿಡು." ಅತ್ತಿಗೆ ಒಂದು ಮಾತು ಎದುರಾಡಲಿಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು. ಮರುದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಗುಜರಿಯವನು ಬರುವುದೆಂದು ಮಾತಾಯಿತು.

ಮರುದಿನ ಅತ್ತಿಗೆ ಮೂರಕ್ಕೇ ಬಂದು ವ್ಯಾನಿನೊಳಗಿದ್ದ ತಮ್ಮ ಸಾಮಾನು ಇಳಿಸತೊಡಗಿದರು. ಬೆನ್ನಿಗೆ ಇಟ್ಟುಕೊಳ್ಳುವ ದಿಂಬು, ಯಾವುದೋ ಮಗು ಮರೆತ ಒಂಟಿ ಸಾಕ್ಸು, ನೀರಿನ ಡಬ್ಬಿ. ಡಬ್ಬಿಯಲ್ಲಿ ಉಳಿದಿದ್ದ ನೀರನ್ನು ನನ್ನ ಹೂಕುಂಡಕ್ಕೆ ಬಗ್ಗಿಸಹೊರಟರು. ಮಣ್ಣಿನ ಮೇಲೆ ಬಣ್ಣಬಣ್ಣದ ಜಿಡ್ಡು ಹರಡಿತು.

"ಅಯ್ಯೋ, ನಿಲ್ಲಿಸಿ ಅತ್ತಿಗೆ! ಏನಿತ್ತು ಇದರಲ್ಲಿ?"

"ನೀರು ಕಣಮ್ಮ. ಪೈಪು ಸ್ವಲ್ಪ ಸೋರುತ್ತೆ, ದಿನಾ ಒಂದಿಷ್ಟು ರೇಡಿಯೇಟರಿಗೆ ಹಾಕ್ತೀನಿ. ಟ್ಯೂನ್ ಮಾಡಿದ ದಿನ ತಮ್ಮನೇ ಕೊಟ್ಟ ಡಬ್ಬಿ. ತಳದಲ್ಲಿ ಅವನು ಉಳಿಸಿದ್ದ ಆಯಿಲ್ ಇತ್ತು, ಒಳ್ಳೇದೇ ಅಲ್ವಾ ಅಂತ ಚೆಲ್ಲಲಿಲ್ಲ."

ಇವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಯಾವ ಡಬ್ಬಿಯನ್ನೂ ಎಸೆಯದೆ ಯಾರಿಗಾದರೂ ದಾಟಿಸುವುದು ಇವರ ಹಳೇ ಚಾಳಿ. ನಗು ಬಂತು, ನುಂಗಿಕೊಂಡೆ. ನೀರು ಕೆಟ್ಟದ್ದು ಹೊರಗಿನಿಂದ. ಇಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಹಾಗಾದ್ರೆ ನಡುವಿನ ಎರಡು ಯಾಕೆ ಮಲಗಿದ್ವು?" ಎಂದು ತಮಗೆ ತಾವೇ ಕೇಳಿಕೊಂಡರು. ರಿಂಗಲ್ಲ, ಗ್ಯಾಸ್ಕೆಟ್ ಅಲ್ಲ. ಉಳಿದದ್ದು ವಾಲ್ವು.

ನಾನು ಒಳಗೆ ಹೋಗಿ ಬಾಬಿನ್ನುಗಳ ನಡುವಿನಿಂದ ಫಿಲ್ಲರ್ ಗೇಜನ್ನು ತೆಗೆದು ತಂದೆ. ಬೈಗುಳ ಬರುತ್ತದೆಂದುಕೊಂಡಿದ್ದೆ. ಸುಮ್ಮನೆ ಕೈಚಾಚಿದರು. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ತಗಡು ತೂರಿಸಿದರು. ಒಂದು, ನಾಲ್ಕರಲ್ಲಿ ಸರಿಯಾಗಿ ಜಾರಿತು. ಎರಡು, ಮೂರರಲ್ಲಿ ಎಲ್ಲಕ್ಕಿಂತ ತೆಳು ತಗಡೂ ಹೋಗಲಿಲ್ಲ. ಸಂದೇ ಇಲ್ಲದಷ್ಟು ಬಿಗಿ. ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಒತ್ತಡವೆಲ್ಲ ಅಲ್ಲಿಂದಲೇ ಸೋರುತ್ತಿತ್ತು.

"ಇಷ್ಟು ಬಿಗಿ ಯಾರು ಮಾಡಿದ್ದು?" ಎಂದರು ಅತ್ತಿಗೆ.

"ನಾನೇ." ಇವರ ದನಿ ಎಷ್ಟು ಸಣ್ಣದಿತ್ತೆಂದರೆ ಅತ್ತಿಗೆ ಹತ್ತಿರ ಬಂದರು. "ಒಂದು, ನಾಲ್ಕು ಮೊದಲು ಮಾಡ್ದೆ. ಎರಡು, ಮೂರಕ್ಕೆ ಬಂದಾಗ ಟಿಕ್ ಟಿಕ್ ಅನ್ನೋದು ಜಾಸ್ತಿ ಆಯ್ತು. ಸಡಿಲ ಇದೆ ಅಂತ ಬಿಗಿ ಮಾಡ್ದೆ. ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಮಾಡ್ದೆ."

"ಆಮೇಲೆ ನಿಂತಿತಾ?"

"ಇಲ್ಲ. ಈಗಲೂ ಅಂತಿದೆಯಲ್ಲ, ಕೇಳಿಸ್ತಿಲ್ವಾ?"

ಅತ್ತಿಗೆ ನನ್ನ ಮುಖ ನೋಡಿದರು. ವ್ಯಾನು ಬೆಳಗಿನಿಂದ ಸ್ಟಾರ್ಟೇ ಆಗಿರಲಿಲ್ಲ.

ನನಗೆ ಅಳು ಬಂತು. ಎರಡು ತಿಂಗಳು ಪಕ್ಕದಲ್ಲೇ ಮಲಗಿದವಳು ನಾನು. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ ಈ ಮನುಷ್ಯ. ಕಿವಿ ಮೇಸ್ತ್ರಿ ಯಾರ ಬಳಿ ಹೋಗಿ ಕಿವಿ ಕೆಟ್ಟಿದೆ ಎನ್ನಬೇಕು!

ಅಳುವುದಕ್ಕೆ ಹೊತ್ತಿರಲಿಲ್ಲ. ತಗಡಿನ ಮೇಲಿನ ಸಣ್ಣ ಅಂಕಿಗಳನ್ನು ನಾನು ಓದಿ ಹೇಳಿದೆ, ಅವರು ನಟ್ಟು ತಿರುಗಿಸಿದರು. ತಗಡು ಅಂಟಿಯೂ ಅಂಟದ ಹಾಗೆ ಜಾರುವವರೆಗೆ, ಒಂದೊಂದಾಗಿ. ಮತ್ತೆ ಮೀಟರು ಹಾಕಿದೆವು. ನೂರ ನಲವತ್ತೈದು, ನೂರ ಐವತ್ತು. ಹಳೆಯ ಅಂಕಿಗಳನ್ನು ಅತ್ತಿಗೆ ತಮ್ಮ ಸೆರಗಿನಿಂದಲೇ ಒರೆಸಿದರು. ಅಷ್ಟರಲ್ಲಿ ಬಂದ ಗುಜರಿಯವನಿಗೆ "ಹೋಗಪ್ಪ, ನನ್ನ ವ್ಯಾನಿಗೇನಾಗಿದೆ!" ಎಂದು ಅವನೇ ತಪ್ಪು ಮಾಡಿದ ಹಾಗೆ ಗದರಿದರು.

ರೇಡಿಯೇಟರು ತೊಳೆದು, ಹೊಸ ಕೂಲೆಂಟ್ ತುಂಬಿ, ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಹಿಡಿಯಿತು. ಇವರು ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು ಅರ್ಧದಲ್ಲೇ ನಿಂತರು. ಆಮೇಲೆ ಹಿಡಿಯನ್ನು ನನ್ನ ಕಡೆ ಚಾಚಿದರು.

ಕಿವಿಗಿಟ್ಟೆ. ಮೊದಲು ಬರೀ ಗದ್ದಲ. ಆಮೇಲೆ ಅದರೊಳಗೆ ಸಣ್ಣಗೆ, ಒಂದೇ ಸಮ, ಏನೋ ಬಡಿಯುತ್ತಿತ್ತು.

"ಸ್ವಲ್ಪ ಟಿಕ್ ಅಂತಿದೆ ರೀ."

"ಅಷ್ಟು ಅನ್ನಲೇಬೇಕು. ಸರಿಯಿದೆ."

"ನಿಮಗೆ ಹೇಗೆ ಕೇಳಿಸ್ತಿದೆ?"

ಅವರು ಇಂಜಿನ್ನಿನ ಮೇಲೆ ಬಗ್ಗಿ ಒಂದು ಕಿವಿ ಕೊಟ್ಟರು, ಆಮೇಲೆ ಇನ್ನೊಂದು.

"ಕೇಳಿಸ್ತಿದೆ. ಅದರದ್ದು ಯಾವುದು, ನನ್ನದು ಯಾವುದು ಅಂತ ಗೊತ್ತಾಗ್ತಿಲ್ಲ."