ಅಸಲಿ ಮಾಮ ಮತ್ತು ಗುಡ್ಡದ ಗಂಟೆಹೂ

ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದಷ್ಟು ಕಾಲ ಅವನ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ: ಮುದ್ರೆ ಬಿದ್ದದ್ದು, ಬೀಳದ್ದು. ಅಂಗಡಿಗೆ ನುಗ್ಗಿ, ತೂಕದ ಬಟ್ಟನ್ನು ಅಂಗೈಯಲ್ಲಿ ಕುಣಿಸಿ, "ಇದು ನಕಲಿ" ಎಂದರೆ ಸಾಕು, ಅಂಗಡಿಯವನ ಮುಖ ಸುಣ್ಣದ ಗೋಡೆಯಾಗುತ್ತಿತ್ತು. ಆ ಮುಖ ನೋಡುವ ಸುಖಕ್ಕಾಗಿ ಅವನು ಸಂಬಳವಿಲ್ಲದೆಯೂ ದುಡಿಯುತ್ತಿದ್ದನೇನೋ. ನಿವೃತ್ತಿಯ ದಿನ ಇಲಾಖೆ ಅವನಿಂದ ಮುದ್ರೆಯನ್ನು ವಾಪಸು ಪಡೆಯಿತು. ಚಟವನ್ನು ಪಡೆಯುವುದನ್ನು ಮರೆಯಿತು. ಅಂದಿನಿಂದ ಮನೆಗೆ ಬಂದ ಜೇನುತುಪ್ಪ ನಕಲಿ, ಪಕ್ಕದ ಮನೆಯವರ ಕುರ್ಚಿಯ ತೇಗ ನಕಲಿ, ಹೆಂಡತಿಯ ತಲೆನೋವು ಕೂಡ ಒಮ್ಮೊಮ್ಮೆ ನಕಲಿ. ಆ ಬೆಟ್ಟದ ಪೇಟೆಯ ಜನ ಅವನಿಗೆ ಅಸಲಿ ಮಾಮ ಎಂದು ಹೆಸರಿಟ್ಟರು. ಅದನ್ನವನು ಬಿರುದು ಎಂದುಕೊಂಡ.

ಇಂಥವನ ಕೈಗೆ ಕೊನೆಗೆ ಗಂಟೆಹೂ ಸಿಕ್ಕಿತು. ಬೀಜದ ಪೊಟ್ಟಣದ ಮೇಲೆ ಅದರ ಹೆಸರು ಫಾಕ್ಸ್‌ಗ್ಲವ್. ಆಳೆತ್ತರದ ದಂಟಿಗೆ ಸಾಲಾಗಿ ಗಂಟೆ ಕಟ್ಟಿದ ಹಾಗೆ ಹೂ ಬಿಡುವುದರಿಂದ ಜನರ ಬಾಯಲ್ಲಿ ಗಂಟೆಹೂ. ಹೆಂಡತಿ ಹಿತ್ತಲ ಗೋಡೆಯ ಪಕ್ಕ ವರ್ಷಗಳಿಂದ ಬೆಳೆಸುತ್ತಿದ್ದಳು. ಅವಳ ಗಿಡಗಳಲ್ಲಿ ದಂಟಿನ ಸುತ್ತಲೂ ಹೂ, ಬಣ್ಣ ಕೆನೆ, ಇಲ್ಲವೇ ತಿಳಿಗುಲಾಬಿ. ಗೋಡೆಯಾಚೆಯ ಗುಡ್ಡದಲ್ಲೂ ಅದೇ ಹೂ ಹೇರಳವಾಗಿತ್ತು. ಆದರೆ ಅಲ್ಲಿನವು ಗಾಢ ನೇರಳೆ. ಗಂಟೆಗಳೆಲ್ಲ ದಂಟಿನ ಒಂದೇ ಮಗ್ಗುಲಿಗೆ ತಲೆ ತಗ್ಗಿಸಿ ತೂಗುತ್ತಿದ್ದವು, ಒಳಗೆ ಕಪ್ಪು ಚುಕ್ಕೆ. ಮಾಮ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಬಹಳ ದಿನಗಳ ನಂತರ ಅವನ ಅಂಗೈ ತುರಿಸಿತು.

"ನೋಡೇ ಇಲ್ಲಿ. ಗುಡ್ಡದ್ದು ಅಸಲಿ. ಅನಾದಿ ಕಾಲದಿಂದ ಈ ಮಣ್ಣಲ್ಲಿ ಹುಟ್ಟಿದ್ದು. ನಿನ್ನದು ನಕಲಿ. ಬಣ್ಣ ಬಳಿದು ಬೀದಿಗೆ ಬಿಟ್ಟಿರೋ ಮಾಲು."

"ಬೀದಿಗೆ ಎಲ್ಲಿ ಬಿಟ್ಟಿದೀನ್ರೀ? ಹಿತ್ತಲಲ್ಲೇ ಇದೆ," ಎಂದು ಹೆಂಡತಿ ನೀರಿನ ಡಬ್ಬ ಎತ್ತಿಕೊಂಡಳು.

ಮನೆಯಲ್ಲಿ ಬೇಳೆ ಬೇಯದಿದ್ದರೆ ಬೀದಿ ಇದ್ದೇ ಇದೆ. ಮಾಮ ಭಾನುವಾರಗಳಲ್ಲಿ ಗುಡ್ಡಕ್ಕೆ 'ಹೂವಿನ ನಡಿಗೆ' ಶುರು ಮಾಡಿದ. ಬೇರೆ ಕೆಲಸವಿಲ್ಲದ ಹತ್ತಾರು ಜನ ಹಿಂದೆ ಬಂದರು. ಊರುಗೋಲನ್ನು ಹೂವಿನತ್ತ ಚಾಚಿ ಮಾಮ ಅಪ್ಪಣೆ ಕೊಡಿಸುತ್ತಿದ್ದ. ಸುತ್ತಲೂ ಹೂವಿದ್ದರೆ ತೋಟದ್ದು, ಒಂದೇ ಮಗ್ಗುಲಿಗಿದ್ದರೆ ಕಾಡಿನದು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಚಪ್ಪಾಳೆಯ ರುಚಿ ಹತ್ತಿದ ನಾಲಿಗೆ ನಿಲ್ಲುವುದುಂಟೇ? ಹೃದಯದ ಕಾಯಿಲೆಗೆ ಈ ಜಾತಿಯ ಗಿಡದಿಂದ ಔಷಧಿ ತೆಗೆಯುತ್ತಾರೆ ಎಂದು ಎಲ್ಲೋ ಓದಿದ್ದ. ಅದಕ್ಕೆ ತನ್ನ ಒಗ್ಗರಣೆ ಹಾಕಿದ: "ತೋಟದ್ದು ವಿಷ, ಮುಟ್ಟಬೇಡಿ. ಗುಡ್ಡದ್ದು ಅಸಲಿ, ಎದೆಗೆ ಅಮೃತ."

ಕೇಳಿಸಿಕೊಂಡವರಲ್ಲಿ ಹೆಂಡತಿಯ ತಮ್ಮ, ಪೇಟೆಯ ಟೈಲರ್, ಒಬ್ಬ. ಕೆಲವು ತಿಂಗಳಿಂದ ಅವನಿಗೆ ಎದೆ ಡವಡವ. ಡಾಕ್ಟರ ಹತ್ತಿರ ಹೋಗಲು ಭಯ, ಭಾವನ ಮಾತೆಂದರೆ ಭಕ್ತಿ. ಒಂದು ಬೆಳಿಗ್ಗೆ ಗುಡ್ಡದಿಂದ ಎಲೆ ತಂದು, ತನ್ನ ಹೆಂಡತಿಗೂ ಹೇಳದೆ ಕುದಿಸಿ, ಲೋಟ ತುಂಬ ಕುಡಿದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿ. ಮರುದಿನ ಹೊಲಿಗೆ ಯಂತ್ರದ ಮುಂದೆ ಕುಳಿತವನು, "ಏನೇ ಇದು, ಬಿಳಿ ಬಟ್ಟೆಗೆ ಅರಿಶಿನ ಚೆಲ್ಲಿದೀಯ?" ಎಂದು ಹೆಂಡತಿಯನ್ನು ಗದರಿದ. ಬಟ್ಟೆ ಬೆಳ್ಳಗೇ ಇತ್ತು. ಅವನ ಕಣ್ಣಿಗೆ ಗೋಡೆ ಹಳದಿ, ಹೆಂಡತಿ ಹಳದಿ, ಬಾಗಿಲಿನ ಬೆಳಕೂ ಹಳದಿ. ಎದ್ದು ನಿಂತವನು ಹಾಗೇ ಕುಸಿದ.

ಆಸ್ಪತ್ರೆಯಲ್ಲಿ ಅವನ ಎದೆಗೆ ತಂತಿ ಅಂಟಿಸಿದ್ದರು. ನಾಡಿ ಬರಲೋ ಬೇಡವೋ ಎಂದು ಯೋಚಿಸಿ ಯೋಚಿಸಿ ಬರುತ್ತಿತ್ತು. ಗುಡ್ಡದ ಎಲೆ ಕುಡಿದೆ ಎಂದು ಅವನೇ ಹೆಂಡತಿಯ ಹತ್ತಿರ ಬಾಯಿಬಿಟ್ಟಿದ್ದ. ಆ ಎಲೆ ಯಾವುದೆಂದು ನೋಡಬೇಕು, ಗಿಡ ತನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಮಾಮ ಓಡೋಡಿ ಬಂದ. ಒಂದಲ್ಲ, ಎರಡು ದಂಟು ತಂದಿದ್ದ.

"ನೋಡಿ ಡಾಕ್ಟ್ರೇ, ಇದು ತೋಟದ್ದು, ಸುತ್ತಲೂ ಹೂವಿದೆ. ಇದು ಗುಡ್ಡದ್ದು, ಒಂದೇ ಕಡೆ. ಮೊದಲು ಈ ವ್ಯತ್ಯಾಸ ನೀವು ಗಮನಿಸ್ಬೇಕು."

"ಇವರು ಕುಡಿದಿದ್ದು ಯಾವುದು?"

"ಗುಡ್ಡದ್ದೇ. ಅಸಲಿ. ಅದಕ್ಕೇ ನನಗೆ ಆಶ್ಚರ್ಯ. ಬಹುಶಃ ತೋಟದ ಎಲೆ ಎಲ್ಲೋ ಬೆರೆತು..."

"ಸ್ವಾಮಿ, ಎರಡೂ ಒಂದೇ ಗಿಡ. ಎರಡೂ ಕೊಲ್ಲತ್ತೆ. ಕೊಲ್ಲೋವಾಗ ಹೂವು ಯಾವ ಮಗ್ಗುಲಿಗಿತ್ತು ಅಂತ ಹೃದಯ ಕೇಳಲ್ಲ. ಇವರಿಗೆ ಇದನ್ನ ಕುಡಿಯೋಕೆ ಹೇಳಿದ್ಯಾರು?"

ಟೈಲರ್‌ನ ಹೆಂಡತಿ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿ ಕುಳಿತಿದ್ದಳು. ಅವಳು ಮಾಮನ ಕಡೆ ನೋಡಿದಳು. ಡಾಕ್ಟರಮ್ಮನೂ ಅತ್ತಲೇ ತಿರುಗಿದರು. ಸುಣ್ಣದ ಗೋಡೆಯಾಗುವ ಸರದಿ ಈಗ ಮಾಮನ ಮುಖದ್ದು.

ಅವನು ನೇರ ಮನೆಗೆ ಬಂದು ಹಿತ್ತಲಲ್ಲಿ ಗುದ್ದಲಿ ಹಿಡಿದ. ತಪ್ಪು ತನ್ನದಲ್ಲ, ಹೆಂಡತಿಯ ನಕಲಿ ಗಿಡಗಳದು ಎಂದು ಇನ್ನೂ ಒಳಗೊಳಗೇ ವಾದಿಸುತ್ತಿದ್ದ. ಗೋಡೆಯ ಬಿರುಕಿನಲ್ಲೊಂದು ಗಂಟೆಹೂ ತಾನಾಗಿ ಎದ್ದಿತ್ತು. ತಿಳಿಗುಲಾಬಿ, ಆದರೆ ಹೂಗಳು ಒಂದು ಕಡೆ ವಾಲಿದ್ದವು. ಬಗ್ಗಿ ನೋಡಿದ. ಗೋಡೆಯಾಚೆ, ಬಚ್ಚಲ ನೀರು ಹರಿಯುವ ಕಾಲುವೆಯ ಅಂಚಿನಲ್ಲಿ ಇನ್ನಷ್ಟು: ಒಂದು ಕೆನೆಬಣ್ಣದ್ದು, ಒಂದು ಅರೆನೇರಳೆ. ಕಾಲುವೆಯ ಜೊತೆಗೇ ನಡೆದ. ಕೆಳಗಿಳಿದಂತೆ ಬಣ್ಣ ಗಾಢವಾಯಿತು, ಗಂಟೆಗಳು ಒಂದೊಂದಾಗಿ ಒಂದೇ ಮಗ್ಗುಲಿಗೆ ಸರಿದವು. ಕಾಲುವೆ ಗುಡ್ಡದ ಇಳಿಜಾರು ಸೇರುವಲ್ಲಿ ಎಲ್ಲವೂ ನೇರಳೆ. ಅನಾದಿ ಕಾಲದ ಅಸಲಿಗಳು ಅವನದೇ ಬಚ್ಚಲ ನೀರು ಕುಡಿದು, ಅವನ ಹೆಂಡತಿಯ ಬೀಜದಿಂದ, ಅವಳಿಗಿಂತ ಮುಂಚೆ ಆ ಮನೆಯಲ್ಲಿ ಬಾಳಿದವರ ಬೀಜದಿಂದ ಹುಟ್ಟಿದ್ದವು. ತೋಟದಿಂದ ತಪ್ಪಿಸಿಕೊಂಡ ಗಿಡ ಕಾಡಿನಲ್ಲಿ ಹಳೆಯ ಬಣ್ಣಕ್ಕೆ ಮರಳಿತ್ತು, ಅಷ್ಟೆ. ಎಷ್ಟೋ ಕಳ್ಳ ತಕ್ಕಡಿಗಳನ್ನು ಹಿಡಿದ ಕಣ್ಣು ಅದು. ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಅದಕ್ಕೆ ಆಗಲಿಲ್ಲ. ಮಾಮ ಕಾಲುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಭಾಮೈದನ ನಾಡಿ ನೆನಪಾಗಿ ಗುದ್ದಲಿಯನ್ನು ಪಕ್ಕಕ್ಕಿಟ್ಟ.

ಟೈಲರ್ ಬದುಕಿದ. ಗಟ್ಟಿ ಪಿಂಡ. ಕಣ್ಣಿನ ಹಳದಿ ಇಳಿದು ಮನೆಗೆ ಬಂದ ಮೇಲೆ ಮಾಮ ನೋಡಲು ಹೋದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಮಂಚದ ಪಕ್ಕ ಕುಳಿತು ಗಂಟಲು ಸರಿಮಾಡಿಕೊಂಡ. ನಾಲ್ಕು ಸಲ ಸರಿಮಾಡಿಕೊಂಡ. ಕೊನೆಗೆ ಹೊರಬಿದ್ದದ್ದು, "ಈ ಹೊದಿಕೆ ಉಣ್ಣೆಯದಲ್ಲ ಕಣೋ. ಮಿಕ್ಸು."

ಟೈಲರ್ ನಕ್ಕ. "ಗೊತ್ತು ಭಾವ. ಬಟ್ಟೆ ನನ್ನ ಕಸುಬು."

ಅವನ ಹೆಂಡತಿ ನಗಲಿಲ್ಲ. ಕಾಫಿ ತಂದು ಮಾಮನ ಮುಂದೆ ಕುಕ್ಕಿ, "ಕುಡೀರಣ್ಣ. ಏನು ಹಾಕಿದೀನಿ ಅಂತ ಕೇಳ್ಬೇಡಿ. ನಿಮ್ಮ ಮಾತು ಕೇಳಿ ಇವರೂ ಹಾಗೇ ಕುಡಿದ್ರು," ಎಂದು ಎದುರಿಗೇ ನಿಂತಳು. ಮಾಮ ತಲೆ ತಗ್ಗಿಸಿ ಕೊನೆಯ ಗುಟುಕಿನವರೆಗೂ ಕುಡಿದ. ಬೆವರು ಕಿವಿಯ ಹಿಂದಿನಿಂದ ಇಳಿಯಿತು.

ಇಷ್ಟಾದ ಮೇಲೆ ಅವನು ತೆಪ್ಪಗಾದ ಎಂದುಕೊಂಡವರಿಗೆ ಮನುಷ್ಯಸ್ವಭಾವ ಗೊತ್ತಿಲ್ಲ. ಎರಡು ಭಾನುವಾರ ಮನೆಯಲ್ಲೇ ಉಳಿದ. ಮೂರನೆಯದಕ್ಕೆ ಅದೇ ಗುಡ್ಡದಲ್ಲಿ, ಅದೇ ಊರುಗೋಲು ಚಾಚಿ, ಅದೇ ಗಂಟಲಿನಲ್ಲಿ ಸಾರಿದ: "ಇದು ಹೊರಗಿನದು! ತೋಟದಿಂದ ನುಸುಳಿದ್ದು! ನಾನು ಮೊದಲೇ ಅನುಮಾನಪಟ್ಟಿದ್ದೆ." ಜನ ಹೌದೌದೆಂದು ತಲೆಯಾಡಿಸಿದರು, ಅಮೃತವೆಂದಾಗಲೂ ಆಡಿಸಿದ್ದ ತಲೆಗಳೇ. ಒಂದೇ ವ್ಯತ್ಯಾಸ: ಈಗ ಮಾತು ಮುಗಿಸುವಾಗಲೆಲ್ಲ, "ಯಾರೂ ಬಾಯಿಗೆ ಹಾಕ್ಕೋಬೇಡಿ, ದಮ್ಮಯ್ಯ," ಎಂದು ಸೇರಿಸುತ್ತಿದ್ದ. ಅದನ್ನು ಹೇಳುವಾಗ ಮಾತ್ರ ಅವನ ದನಿ ಸಣ್ಣದಾಗುತ್ತಿತ್ತು.