ಗಂಜಿ ಕುಡಿಯದ ನೂಲು

ಸುಗಲಾಬಾಯಿಯ ಕೈಯಲ್ಲಿ ಕದಿರು ಇಲ್ಲದ ಹೊತ್ತನ್ನು ಕಂಡವರು ಕಡಿಮೆ. ನಾಗಣಸೂರಿನ ಕುರುಬರ ಮನೆಯಲ್ಲಿ ಹುಟ್ಟಿ, ನಡೆಯಲು ಕಲಿತ ಮೇಲೆ ಅವಳು ಕಲಿತ ಎರಡನೆಯ ವಿದ್ಯೆಯೇ ಉಣ್ಣೆ ನೂಲುವುದು. ಕರಜಗಿಗೆ ಸೊಸೆಯಾಗಿ ಹೋದಾಗಲೂ, ಗಂಡನ ಹಿಂದೆ ಸೊಲ್ಲಾಪುರಕ್ಕೆ ಬಂದು ರೈಲು ಹಳಿಯ ಆಚೆ ಒಂದು ಖೋಲಿಯಲ್ಲಿ ಸಂಸಾರ ಹೂಡಿದಾಗಲೂ ಆ ಕದಿರು ಅವಳ ಸೊಂಟದಲ್ಲಿಯೇ ಇತ್ತು. ಗಿರಣಿಗೆ ಹೋಗುವ ನೆರೆಯ ಹೆಂಗಸರು ಅವಳನ್ನು ಕಾಡುವುದಿತ್ತು.

"ಗಿರಣ್ಯಾಗ ಸಾವಿರ ಕದರು ತಿರಗತಾವ ಸುಗಲವ್ವಾ, ನಿಂದೊಂದು ಕದರು ಏನು ಮಾಡ್ತದ?"

"ನಿಮ್ಮ ಸಾವಿರಕ್ಕ ಮಾಲಕ ಬ್ಯಾರೆ ಅದಾನ. ಇದಕ ನಾನಽ ಮಾಲಕಿ," ಎಂದು ಸುಗಲಾಬಾಯಿ ಕದಿರನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.

ಅವಳ ಗಂಡ ಅಮೋಗಸಿದ್ಧ ಹುಡುಗನಾಗಿದ್ದಾಗ ಹಳಿಯ ಬದಿಯಲ್ಲಿ ಕುರಿ ಕಾಯುತ್ತ, ಹೊಗೆ ಉಗುಳುತ್ತ ಹೋಗುವ ಇಂಜಿನನ್ನು ನೋಡಿ ಮರುಳಾದವನು. ಕುರಿ ಎಣಿಸುವುದನ್ನು ಬಿಟ್ಟು ಡಬ್ಬಿ ಎಣಿಸುತ್ತ ನಿಂತು ತಂದೆ ಧೂಳಪ್ಪನಿಂದ ಏಟು ತಿಂದದ್ದೂ ಉಂಟು. ದೊಡ್ಡವನಾಗಿ ಸೊಲ್ಲಾಪುರದ ಇಂಜಿನ್ ಶೆಡ್ಡಿಗೆ ಸೇರಿದ. ವರ್ಷಗಟ್ಟಲೆ ಎಣ್ಣೆಬಟ್ಟೆ ಹಿಡಿದು ಇಂಜಿನುಗಳ ಮೈ ಒರೆಸಿದ. ಅಕ್ಕಲಕೋಟೆಯ ಸಂಸ್ಥಾನ ವಿಲೀನವಾಗಿ ಐದಾರು ವರ್ಷ ಕಳೆದಿದ್ದ ಆ ಕಾಲದಲ್ಲಿ, ಕೊನೆಗೂ ಅವನಿಗೆ ಇಂಜಿನಿನ ಮೇಲೆ ಹತ್ತಿ ಕಲ್ಲಿದ್ದಲು ಹಾಕುವ ಫಾಯರಮನ್ ಕೆಲಸಕ್ಕೆ ಕರೆ ಬಂತು. ಆದರೆ ಡ್ರೈವರ್ ಸಾತಲಿಂಗಪ್ಪ ಅವನ ಕಾಲಲ್ಲಿದ್ದ ಕುರುಬರ ದಪ್ಪ ಚಪ್ಪಲಿಯನ್ನು ನೋಡಿ ತಲೆಯಾಡಿಸಿದ.

"ಅಮೋಗ್ಯಾ, ಇದು ಕುರಿ ಹಿಂಡಲ್ಲ. ಒಂದು ಕೆಂಡ ಬೆರಳ ಸಂದ್ಯಾಗ ಬಿತ್ತಂದ್ರ ನೀ ಕುಣೀತಿ. ನೀ ಕುಣಿಯೂತನಕ ಉಗಿ ಇಳೀತದ, ಗಾಡಿ ನಿಲ್ತದ, ಬೈಗುಳ ನನಗ ಬರ್ತಾವ. ದೀಪಾವಳಿ ಮುಗದು ಬರೋ ಸೋಮವಾರ ಮುಂಜಾನಿ ನಿನ್ನ ಕಾಲು ಚಲೋ ಚರ್ಮದ ಬೂಟಿನ್ಯಾಗ ಇರಬೇಕು. ಇಲ್ಲಂದ್ರ ಆ ಜಾಗಾಕ್ಕ ಮತ್ತೊಬ್ಬ ತಯಾರ ಅದಾನ. ಆಮ್ಯಾಲೆ ನನಗ ಅನಬ್ಯಾಡ."

ಸಾತಲಿಂಗಪ್ಪ ದುಧನಿ ಕಡೆಯವನು. ಬಾಯಿ ಬಿರುಸು, ಮನಸ್ಸು ಕೆಟ್ಟದ್ದಲ್ಲ. ಅವನು ಆಡಿದ ಮಾತಿಗೆ ತಪ್ಪುವವನಲ್ಲ ಎಂಬುದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು. ಈ ಸಲ ಕೈತಪ್ಪಿದರೆ ಮತ್ತೆ ಎಷ್ಟು ವರ್ಷ ಎಣ್ಣೆಬಟ್ಟೆಯೋ, ಬಲ್ಲವರಾರು?

ಇಬ್ಬರೂ ಸೊಲ್ಲಾಪುರದ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದರು. ಬೂಟುಗಳಿಗೇನೂ ಕೊರತೆ ಇರಲಿಲ್ಲ. ಆದರೆ ಹುಟ್ಟಿದಂದಿನಿಂದ ಕಲ್ಲುಮುಳ್ಳಿನಲ್ಲಿ ಕುರಿಯ ಹಿಂದೆ ನಡೆದ ಅಮೋಗಸಿದ್ಧನ ಪಾದ ಮೊರದಂತೆ ಅಗಲವಾಗಿತ್ತು. ಐದು ಬೆರಳುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಯಾವ ಬೂಟೂ ಅರ್ಧಕ್ಕಿಂತ ಮುಂದೆ ಏರಲಿಲ್ಲ. ಕೊನೆಯ ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ, "ಹೆ ಪಾಯ ಆಹೇತ ಕಾ ಫಾವಡೆ?" ಎಂದು ಮರಾಠಿಯಲ್ಲಿ ನಕ್ಕ, ಇವು ಕಾಲುಗಳೋ ಸಲಿಕೆಗಳೋ ಎಂದು.

"ಇಂಜಿನಿಗೆ ಸಲಿಕಿನಽ ಬೇಕಲ್ರಿ ಶೇಠಜಿ, ಕಲ್ಲಿದ್ದಲ ಹಾಕಾಕ," ಎಂದ ಅಮೋಗಸಿದ್ಧ.

ಅಂಗಡಿಯಲ್ಲಿ ಎಲ್ಲರೂ ನಕ್ಕರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅವನು ತನ್ನ ಕಾಲನ್ನೇ ನೋಡುತ್ತ ನಡೆದ. ಅದನ್ನು ಸುಗಲಾಬಾಯಿ ಗಮನಿಸಿದಳು.

ಉಳಿದದ್ದು ಒಂದೇ ದಾರಿ: ಅಕ್ಕಲಕೋಟೆಯ ಭೀಮಶಾ. ಸಂಸ್ಥಾನದ ಕಾಲದಲ್ಲಿ ಕುದುರೆ ಸವಾರರಿಗೆ ಮೊಣಕಾಲುದ್ದದ ಬೂಟು ಹೊಲಿದುಕೊಟ್ಟ ಮುದುಕ ಚಮ್ಮಾರ. ಅಮೋಗಸಿದ್ಧನಿಗೆ ಸಿಗುವಂತಿದ್ದದ್ದು ಒಂದೇ ದಿನದ ರಜೆ. ಅದನ್ನು ಅಳತೆಗೆ ಖರ್ಚು ಮಾಡದೆ, ಬೂಟು ಹಾಕಿ ನೋಡುವ ದಿನಕ್ಕೆ ಉಳಿಸಿಕೊಳ್ಳುವುದೆಂದು ಆಯಿತು. ಹೇಗೂ ಸುಗಲಾಬಾಯಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸಕ್ಕೆ ಅಕ್ಕಲಕೋಟೆಯ ಮೇಲೆ ಹಾದು ಕರಜಗಿಗೆ ಹೊರಟಿದ್ದಳು.

"ಅಳತಿ ನಾ ಒಯ್ತೀನಿ," ಎಂದಳು.

ಹೊಸ್ತಿಲ ಮೇಲೆ ಅವನನ್ನು ಕೂಡಿಸಿ, ಕಾಲು ತೊಳೆಸಿ, ಕದಿರಿನಿಂದ ಆಗತಾನೆ ಇಳಿಸಿದ ಕರಿಯ ನೂಲನ್ನು ಪಾದದ ಕೆಳಗೆ ಹಾಸಿದಳು. ಹೆಬ್ಬೆರಳಿನಿಂದ ಹಿಮ್ಮಡಿಗೆ ಒಂದು ಗಂಟು. ಪಾದದ ಸುತ್ತಳತೆಗೆ ಜೋಡಿ ಗಂಟು. ಕುರುಬರ ಮನೆಯಲ್ಲಿ ತೊಟ್ಟಿಲಿನ ಉದ್ದವಾಗಲಿ, ಕಂಬಳಿಯ ಅಗಲವಾಗಲಿ, ಎಲ್ಲದಕ್ಕೂ ನೂಲಿನ ಗಂಟೇ ಲೆಕ್ಕ.

"ಏ, ಕಚಗುಳಿ ಆಗ್ತದ!"

"ಸುಮ್ಮ ಕೂಡ್ರಿ. ಉಣ್ಣಿ ಕತ್ತರಸಾಗ ಟಗರು ಸೈತ ಇಷ್ಟು ಒದರಂಗಿಲ್ಲ."

ಮೀನಖಂಡದ ಸುತ್ತ ನೂಲು ಸುತ್ತುವಾಗ ಅವನು ಮೆಲ್ಲಗೆ ಕೇಳಿದ: "ಸುಗಲಾ, ಇದು ಆಗ್ತದಂತೀ?"

"ಆಗಲಾರದಕ್ಕ ಏನಾಗ್ಯಾದ? ಕಾಲು ಇಲ್ಲದವ್ರಿಗಿ ಬೂಟು ಹೊಲಿಯೂದು ಕಷ್ಟ. ನಿಮಗ ಎರಡು ಅದಾವ."

*

ಭೀಮಶಾ ಆ ಗಂಟುಗಂಟಿನ ನೂಲನ್ನು ಬೆಳಕಿಗೆ ಹಿಡಿದು ನೋಡಿದ.

"ಯವ್ವಾ, ಎಲ್ಲಾರೂ ಕಾಲು ಕರಕೊಂಡು ಬರ್ತಾರ. ನೀ ದಾರ ಕರಕೊಂಡು ಬಂದೀಯಲ್ಲ!"

"ಕಾಲು ಡ್ಯೂಟಿ ಮ್ಯಾಲ ಅದಾವ, ಕಾಕಾ."

ಮುದುಕ ಬಿಳಿ ಮೀಸೆಯೊಳಗೆ ನಕ್ಕ. ಸವಾರರೆಲ್ಲ ಹೋದ ಮೇಲೆ ಅವನ ಕೈಗೆ ಬರಿಯ ಚಪ್ಪಲಿಯ ಉಂಗುಷ್ಠ ಹಚ್ಚುವ ಕೆಲಸವೇ ಉಳಿದಿತ್ತು. ಇಂಜಿನಿನ ಬೂಟು ಎಂದಕೂಡಲೇ ಅವನ ಬೆನ್ನು ನೆಟ್ಟಗಾಯಿತು. ಒಳಗಿನಿಂದ ಚರ್ಮ ತಂದು ಅವಳ ಮುಂದೆ ಹಾಸಿದ. ಅಟ್ಟೆಗೆ ಎಮ್ಮೆಯದು, ಮೇಲೆ ಆಕಳದ್ದು.

"ಮೂಗಿಗಿ ಹಿಡದು ನೋಡು. ಹದ ಆದ ತೊಗಲು ನಾರಂಗಿಲ್ಲ, ಗಮ್ಮಂತದ. ಇದಕ ಲಾಡಿ ಇರಬಾರದು. ಕೆಂಡ ಒಳಗ ಇಳೀತಂದ್ರ ಲಾಡಿ ಬಿಚ್ಚಕೋತ ಕೂಡ್ರಾಕ ಆಗ್ತದೇನು? ಎರಡು ಬಕಲಿನ ಪಟ್ಟಿ ಇಡ್ತೀನಿ. ಪಟ್ಟಿ ಸಡ್ಲ ಬಿಟ್ಟು ಕಾಲು ಜಾಡಸಿದ್ರ ಬೂಟು ಅತ್ತ ಹಾರಬೇಕು. ಉಳಿದ ಹೊತ್ತಿನ್ಯಾಗ ತಾಯಿ ಕೈ ಹಿಡದಂಗ ಹಿಡೀಬೇಕು."

ಹೀಗೆ ಹೇಳುತ್ತಲೇ ಅವನು ನೂಲಿನ ಎರಡು ಗಂಟುಗಳನ್ನು ಎರಡು ಕೈಯಲ್ಲಿ ಹಿಡಿದು, ಬಿಗಿಯಾಗಿ ಜಗ್ಗಿ, ಚರ್ಮದ ಮೇಲೆ ಗೀಟು ಹಾಕಿದ. ಆ ಹೊತ್ತಿನಲ್ಲಿ ಸುಗಲಾಬಾಯಿಯ ಕಣ್ಣು ಚರ್ಮದ ಮೇಲಿತ್ತು. ಮುದುಕನ ಕೈಯ ಮೇಲೆ ಇರಲಿಲ್ಲ. ಆ ವಾರವೇ ಮಾವ ಧೂಳಪ್ಪ ದೊಡ್ಡ ಕೊಂಬಿನ ಟಗರೊಂದನ್ನು ಮಾರಿ ಬೂಟಿನ ಮುಂಗಡ ಕೊಟ್ಟ. "ಮಗ ಕುರಿ ಬಿಟ್ಟು ಹೋದ, ಕುರಿ ಅವನ್ನ ಬಿಡವಲ್ದು," ಎಂದು ಗೊಣಗಿದರೂ ಅವನ ಮುಖದಲ್ಲಿ ಕೋಪವಿರಲಿಲ್ಲ.

ದೀಪಾವಳಿ ಮುಗಿದ ಶುಕ್ರವಾರ ಅಮೋಗಸಿದ್ಧ ರಜೆ ಹಾಕಿ ಬಂದ. ಗಂಡಹೆಂಡಿರು ಭೀಮಶಾನ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಮುದುಕ ಬಟ್ಟೆ ಸರಿಸಿದ. ಕಪ್ಪಗೆ, ಎಣ್ಣೆ ಕುಡಿದು ಮಿರುಗುವ, ಮೊಣಕಾಲಿನ ತನಕ ಬರುವ ಬೂಟು. ಒಂದೊಂದು ಹೊಲಿಗೆಯೂ ಜೋಳದ ಕಾಳು ಪೋಣಿಸಿದಂತೆ. ಅಮೋಗಸಿದ್ಧ ಕೈಮುಗಿದು ಕಾಲು ಇಳಿಸಿದ.

ಕಾಲು ಬಾವಿಗೆ ಕೊಡ ಇಳಿದಂತೆ ಇಳಿದುಹೋಯಿತು. ನಡೆದರೆ ಹಿಮ್ಮಡಿ ಲೊಟಕ್ ಎಂದು ಮೇಲೆ ಬರುತ್ತಿತ್ತು.

ಮೂವರೂ ಬಗ್ಗಿ ಹಿಮ್ಮಡಿಯ ಸಂದಿಯನ್ನೇ ನೋಡಿದರು. ಆಮೇಲೆ ಭೀಮಶಾನ ದನಿ ಏರಿತು. "ನನ್ನ ಕೈ ತಪ್ಪಿಲ್ಲ! ನೀ ಕೊಟ್ಟ ಅಳತಿನಽ ಇದು!" ಮೊಳೆಗೆ ತೂಗುಹಾಕಿದ್ದ ನೂಲನ್ನು ತಂದು ಜಗ್ಗಿ ಬೂಟಿನ ಅಟ್ಟೆಗೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಸುಗಲಾಬಾಯಿ ಅದೇ ನೂಲನ್ನು ಈಸಿಕೊಂಡು ಗಂಡನ ಪಾದದ ಕೆಳಗೆ ಸಡಿಲವಾಗಿ ಹಾಸಿದಳು. ಅದೂ ಸರಿಯಾಗಿತ್ತು!

"ಕಾಕಾ, ನೀವು ಜಗ್ಗಿದ್ರೇನು?"

"ಜಗ್ಗದಽ ಅಳತಿ ಹೆಂಗ ತಗೀತಾರವ್ವ? ಚಮ್ಮಾರನ ಕೈ ದಾರ ಹಿಡದ್ರ ಜಗ್ಗತದ."

"ಕುರುಬರ ಕೈ ಹಸಿ ನೂಲು ಜಗ್ಗಂಗಿಲ್ಲ, ಕಾಕಾ. ಜಗ್ಗಿದ್ರ ಹಿಗ್ಗತದ."

ಅವಳು ತಲೆಯ ಮೇಲೆ ಕೈಯಿಟ್ಟುಕೊಂಡಳು. ಮಗ್ಗಕ್ಕೆ ಏರುವ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸುತ್ತಾರೆ. ಆಗ ಅದು ತಂತಿಯಂತೆ ನಿಲ್ಲುತ್ತದೆ. ಅವಳು ತಂದದ್ದು ಗಂಜಿ ಕುಡಿಯದ ನೂಲು. ಕೊಟ್ಟ ಕೈಯದೂ ತಪ್ಪಲ್ಲ, ಕೊಂಡ ಕೈಯದೂ ತಪ್ಪಲ್ಲ. ಆದರೆ ನಡುವೆ ಎರಡು ಬೆರಳು ಬೂಟು ಬೆಳೆದುಬಿಟ್ಟಿತ್ತು. ಬೇರೆ ಹೊಲಿಯಲು ಹದವಾದ ಚರ್ಮವೂ ಇಲ್ಲ, ದಿನವೂ ಇಲ್ಲ.

"ಒಳಗ ಚಿಂದಿ ತುರುಕ್ರಿ," ಎಂದ ಭೀಮಶಾ ತಗ್ಗಿದ ದನಿಯಲ್ಲಿ.

"ಅರಿವಿಗೆ ಕಿಡಿ ಹತ್ತತದ," ಎಂದ ಅಮೋಗಸಿದ್ಧ. "ಇರಲಿ ಬಿಡು ಸುಗಲಾ. ಎಣ್ಣಿ ಅರಿವಿ ನನಗೇನು ಹೊಸದಲ್ಲ."

ಆ ಮಾತು ಅವಳ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹಿಮ್ಮಡಿಯ ಹಿಂದಿನ ಸಂದಿಯಲ್ಲಿ ಬೆರಳು ಇಳಿಸಿ, ಮುಂದಕ್ಕೆ, ಪಕ್ಕಕ್ಕೆ, ಎಲ್ಲೆಲ್ಲಿ ಎಷ್ಟು ಬೆರಳು ಹಿಡಿಯುತ್ತದೆಂದು ನೋಡಿಕೊಂಡಳು. ಬೆರಳು ಹಿಗ್ಗುವುದಿಲ್ಲ.

"ನೀವು ಸೊಲ್ಲಾಪುರಕ್ಕ ನಡೀರಿ. ಬೂಟು ನನ್ನ ಕಡಿ ಇರಲಿ. ಸೋಮವಾರ ಮುಂಜಾನಿ ಶೆಡ್ಡಿನ ಬಾಗಲಕ್ಕ ಬರ್ತೀನಿ."

ಎಸ್.ಟಿ. ಮೋಟಾರಿನಲ್ಲಿ ಕರಜಗಿಗೆ ಮರಳುವಾಗ ಬೂಟುಗಳು ಅವಳ ಮಡಿಲಲ್ಲಿ ಎರಡು ಮರಿಗಳಂತೆ ಕುಳಿತಿದ್ದವು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲವೆಂಬುದು ಅವಳಿಗೆ ಗೊತ್ತು. ಒಲೆಯ ಕಿಡಿ ಕಂಬಳಿಯ ಮೇಲೆ ಬಿದ್ದರೆ ಕರಿಯ ಚುಕ್ಕೆಯಾಗಿ ಆರುತ್ತದೆ. ಆದರೆ ಕಂಬಳಿಯನ್ನು ಕಾಲಡಿಗೆ ಹಾಕುವುದು ಹೇಗೆ? ಕುಲದೇವರು ಬೀರೋಬಾನ ಗದ್ದುಗೆಗೆ ಹಾಸುವುದು ಅದನ್ನೇ. ಅದರ ಜಾಗ ಹೆಗಲು; ಬೂಟಿನ ಒಳಗಲ್ಲ.

ಅತ್ತೆ ಸೋಮವ್ವ ಎಲ್ಲವನ್ನೂ ಕೇಳಿಸಿಕೊಂಡು ಮೊದಲು ಬೈದದ್ದು ನೂಲಿನ ಮಾತಿಗೇ. "ಗಂಜಿ ಕುಡೀಲಾರದ ನೂಲಿನ ಮಾತು ನಂಬಬಾರದು ಅಂತ ಲಗ್ನಾದ ವರ್ಷನಽ ಹೇಳಿದ್ದಿಲ್ಲೇನು ನಿನಗ?"

"ಹೇಳಿದ್ರಿ ಅತ್ತಿ. ಮಗ್ಗದ ಮಾತು ಅನಕೊಂಡಿದ್ದೆ. ಬೂಟಿಗೂ ಹತ್ತತದಂತ ಗೊತ್ತಿದ್ದಿಲ್ಲ."

ಹಟ್ಟಿಯಲ್ಲಿ ಕತ್ತರಿಸಿದ ಉಣ್ಣೆ ರಾಶಿ ಬಿದ್ದಿತ್ತು. ಬೆನ್ನಿನ ಉದ್ದನೆಯ ಉಣ್ಣೆ ಒಂದು ಕಡೆ. ಕಾಲಿನ, ಹೊಟ್ಟೆಯ ಒರಟು ತುಂಡು ಉಣ್ಣೆ ಗೋಡೆಯ ಮೂಲೆಗೆ; ಅದನ್ನು ಯಾರೂ ನೂಲುವುದಿಲ್ಲ. ಸುಗಲಾಬಾಯಿ ಅದನ್ನೇ ನೋಡುತ್ತ ನಿಂತಳು.

"ಅತ್ತಿ, ಇದು ಕಂಬಳಿಗಿ ಯಾಕ ಬ್ಯಾಡ?"

"ಕಾಲಿಂದು ಕಾಲಿಗೇ ಸರಿ. ಹೆಗಲಿಗಿ ಬರ್ತದೇನು?" ಎಂದಳು ಸೋಮವ್ವ, ಹಿರಿಯರಿಂದ ಕೇಳಿದ್ದನ್ನು ಎಂದಿನಂತೆ ಹೇಳುತ್ತ. ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸೊಸೆಯ ಮುಖ ನೋಡಿದಳು. ಇಬ್ಬರೂ ಒಮ್ಮೆಲೇ ನಕ್ಕರು.

"ಅಯ್ಯ, ಬೀರೋಬಾ ತಾನಽ ನನ್ನ ಬಾಯಾಗ ನುಡದನಲ್ಲಽ! ನೀರು ಕಾಸು ನಡಿ."

ಕಾಲಿನ ಉಣ್ಣೆಯನ್ನು ಬಿಡಿಸಿ, ಗೋಣಿಯ ಮೇಲೆ ದಪ್ಪವಾಗಿ ಹರವಿ, ಅಂಟವಾಳದ ಬಿಸಿನೀರು ಚಿಮುಕಿಸಿ, ಸುರುಳಿ ಸುತ್ತಿ ಇಬ್ಬರೂ ತುಳಿದರು. ಅತ್ತೆ ಸೊಸೆಯ ಹೆಗಲು ಹಿಡಿದಳು, ಸೊಸೆ ಗೋಡೆ ಹಿಡಿದಳು. ತುಳಿತುಳಿದು ಬಿಚ್ಚಿದಾಗ ಉಣ್ಣೆ ಎಳೆಗೆ ಎಳೆ ಕೂಡಿ ದಪ್ಪ ರೊಟ್ಟಿಯಂತಾಗಿತ್ತು. ಬಿಸಿಲಿಗೆ ಒಣಗಿಸಿ, ಬೆರಳಳತೆಗೆ ಮಡಚಿ ನೋಡಿ, ಸಾಲದ ಕಡೆಗೆ ಇನ್ನೊಂದು ಪದರು ಕೂಡಿಸಿದರು. ರವಿವಾರ ಭೀಮಶಾ ಅದನ್ನು ಕೈಯಲ್ಲಿ ಒತ್ತಿ ನೋಡಿ, ದಬ್ಬಳ ತೆಗೆದುಕೊಂಡು ಬೂಟಿನ ಒಳಮೈಗೆ ಹೊಲಿದ. ಕೂಲಿ ಎಷ್ಟೆಂದು ಕೇಳಿದರೆ, "ಅರ್ಧಾ ತಪ್ಪು ನಂದು. ಅರ್ಧಾ ಹೊಲಿಗಿನೂ ನಂದಽ," ಎಂದ.

*

ಸೋಮವಾರ ಶೆಡ್ಡಿನ ಬಾಗಿಲಲ್ಲಿ ಅಮೋಗಸಿದ್ಧ ಒಂದು ಕಲ್ಲಿನ ಮೇಲೆ ಕುಳಿತು ಕಾಲು ಇಳಿಸಿದ. ಸುಗಲಾಬಾಯಿ ಬಗ್ಗಿ ಬೂಟಿನ ಬಾಯಿ ಅಗಲಿಸಿ ಹಿಡಿದಳು. ಕಾಲು ಅರ್ಧಕ್ಕೆ ತಡೆಯಿತು, ಅವನು ಒತ್ತಿದ, ಒಳಗೆ ಏನೋ ಮೆತ್ತಗೆ ದಾರಿ ಬಿಟ್ಟು ಹಿಮ್ಮಡಿ ಕೂತಿತು. ಎದ್ದು ನಡೆದ. ಹಿಮ್ಮಡಿ ಏಳಲಿಲ್ಲ. ಜಗಳದ ಐದು ಬೆರಳುಗಳೂ ತಮ್ಮತಮ್ಮ ಜಾಗ ಹಿಡಿದು ಸುಮ್ಮನಾದವು.

ಸಾತಲಿಂಗಪ್ಪ ಸುತ್ತು ಹಾಕಿ ನೋಡಿದ. ಓಡು ಎಂದ, ಕುಣಿ ಎಂದ. ಆಮೇಲೆ ಒಮ್ಮೆಲೇ, "ಕೆಂಡ ಬಿತ್ತು!" ಎಂದು ಕೂಗಿದ. ಅಮೋಗಸಿದ್ಧ ಪಟಪಟನೆ ಪಟ್ಟಿ ಬಿಟ್ಟು ಕಾಲು ಜಾಡಿಸಿದ. ಬೂಟು ಹಾರಿ ಸಾತಲಿಂಗಪ್ಪನ ಮುಂದೆಯೇ ಬಿತ್ತು. ಅವನು ಅದನ್ನೆತ್ತಿ ಒಳಗೆ ಕೈ ಹಾಕಿದ.

"ಇದರಾಗ ಮೊಲ ಸಾಕೀಯೇನಲೇ?"

"ಕುರಿ ರೀ. ಕುರೀನ ಬಿಟ್ಟು ಎಲ್ಲಿಗಿ ಹೋಗಲಿ?"

ಸಾತಲಿಂಗಪ್ಪ ಬೂಟನ್ನು ಅವನ ಕೈಗೆ ಕೊಟ್ಟು, ಬಾಗಿಲ ಹೊರಗೆ ನಿಂತಿದ್ದ ಸುಗಲಾಬಾಯಿಯನ್ನೊಮ್ಮೆ ನೋಡಿ, "ಹತ್ತು ಮ್ಯಾಲ," ಎಂದ.

ಆ ಬೂಟುಗಳ ಅಟ್ಟೆ ಎಷ್ಟೋ ಸಲ ಬದಲಾಯಿತು. ವರ್ಷಕ್ಕೊಮ್ಮೆ ಒಳಗಿನ ಉಣ್ಣೆಯೂ ಹೊಸದಾಯಿತು. ಅಮೋಗಸಿದ್ಧ ವಾಡಿ ಜಂಕ್ಷನ್ನಿನ ತನಕ ಹೋಗಿ ಬಂದು ಬೂಟು ಕಳಚಿದರೆ, ಕಾದ ಕಬ್ಬಿಣದ ಮೇಲೆ ಹಗಲೆಲ್ಲ ನಿಂತ ಕಾಲು ಹಾಗೆಯೇ ತಣ್ಣಗಿರುತ್ತಿತ್ತು. ಶೆಡ್ಡಿನ ಇತರರೂ ಕೇಳತೊಡಗಿದರು. ಮೊದಲ ಎರಡು ತಿಂಗಳಲ್ಲೇ ಭೀಮಶಾನ ಅಂಗಡಿಯಲ್ಲಿ ಮತ್ತೆ ಎಮ್ಮೆಯ ಚರ್ಮ ಹಾಸಿತ್ತು; ಮೂಲೆಯಲ್ಲಿ ಕಾಲುಣ್ಣೆಯ ಮೂಟೆಯಿತ್ತು.

ಒಂದು ದಿನ ಸುಗಲಾಬಾಯಿ ಅಲ್ಲಿ ಉಣ್ಣೆ ಕೊಟ್ಟು ಏಳುವ ಹೊತ್ತಿಗೆ ಸಾತಲಿಂಗಪ್ಪನೇ ಕಟ್ಟೆ ಹತ್ತಿ ಬಂದ. ಕುಳಿತು ಎರಡೂ ಕಾಲು ಮುಂದೆ ಚಾಚಿದ.

"ನಾ ಶಾಣ್ಯಾ ಇದ್ದೀನಿ ನೋಡವ್ವ. ಕಾಲು ಕರಕೊಂಡಽ ಬಂದೀನಿ."

ಸುಗಲಾಬಾಯಿ ಸೊಂಟದಿಂದ ಒಂದು ನೂಲು ತೆಗೆದಳು. ಅದು ಗಟ್ಟಿಯಾಗಿ, ನೆಟ್ಟಗೆ ನಿಂತಿತು.

"ಗಂಜಿ ಕುಡದದೇನು ಇದು?" ಎಂದ ಭೀಮಶಾ ಅನುಮಾನದಿಂದ.

"ಹೊಟ್ಟಿ ತುಂಬ ಕುಡದದ, ಕಾಕಾ. ಬೇಕಂದ್ರ ಜಗ್ಗಿ ನೋಡ್ರಿ."

ಮುದುಕ ಒಂದು ತುದಿ ಹಿಡಿದ, ಅವಳು ಇನ್ನೊಂದು. ಇಬ್ಬರೂ ಬಲವಾಗಿ ಜಗ್ಗಿದರು. ನೂಲು ಹಿಗ್ಗಲಿಲ್ಲ.