ಲೆಕ್ಕದ ಮೇಷ್ಟ್ರು ಸಿಗದ ವರ್ಷ

ಯಶವಂತಪುರದ ಹೈಸ್ಕೂಲೊಂದರಲ್ಲಿ ನಾನು ಚರಿತ್ರೆ ಕಲಿಸುತ್ತಿದ್ದೆ. ಊರಿನವರೇ ಸೇರಿ ಕಟ್ಟಿದ ಶಾಲೆ, ನಡೆಸುತ್ತಿದ್ದುದೂ ಅವರದೇ ಒಂದು ಸಮಿತಿ. ಹೊಸ ಮೇಷ್ಟ್ರುಗಳನ್ನು ಹುಡುಕಿ ತರುವ ಕೆಲಸ ಹೇಗೋ ನನ್ನ ಹೆಗಲಿಗೆ ಬಿದ್ದಿತ್ತು. ಹೆಡ್‌ಮಾಸ್ಟರಿಗೆ ಮಂಡಿನೋವು, ನನ್ನ ಹತ್ತಿರ ಸೈಕಲ್ಲು, ಕಾರಣ ಅಷ್ಟೇ. ಮೊದಮೊದಲು ಅದೊಂದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಪದವಿ ಮುಗಿಸಿದ ಹುಡುಗರು ತಾವಾಗಿಯೇ ಅರ್ಜಿ ಹಿಡಿದು ಬಂದು ವರಾಂಡದ ಬೆಂಚಿನ ಮೇಲೆ ಕೂತಿರುತ್ತಿದ್ದರು. ನಾವು ಆರಿಸಿಕೊಳ್ಳುತ್ತಿದ್ದೆವು. ಬೇಡವಾದವರಿಗೆ "ಮುಂದಿನ ವರ್ಷ ನೋಡೋಣ" ಎಂದು ಗತ್ತಿನಿಂದ ಹೇಳಿ ಕಳಿಸುತ್ತಿದ್ದೆವು.

ಜಾಲಹಳ್ಳಿ ಕಡೆ ದೊಡ್ಡ ಕಾರ್ಖಾನೆಗಳು ಎದ್ದ ಮೇಲೆ ಆ ಬೆಂಚು ಖಾಲಿಯಾಯಿತು. ಬಿ.ಎಸ್ಸಿ. ಮಾಡಿದವರೆಲ್ಲ ನೇರ ಅಲ್ಲಿಗೇ ಹೋಗತೊಡಗಿದರು. ಅದು ಸಾಲದೆಂಬಂತೆ, ದಸರಾ ರಜೆ ಮುಗಿಯುವ ಹೊತ್ತಿಗೆ ನಮ್ಮ ಲೆಕ್ಕದ ಮೇಷ್ಟ್ರೇ ರಾಜೀನಾಮೆ ತಂದುಕೊಟ್ಟರು. ಒಳ್ಳೆಯ ಮನುಷ್ಯ. ಹೇಳುವಾಗ ತಲೆ ಎತ್ತಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಸಾರ್. ಅಲ್ಲಿ ಕ್ವಾರ್ಟರ್ಸ್ ಕೊಡ್ತಾರೆ. ಮನೆ ಹತ್ರಾನೇ ಬಸ್ ಬರುತ್ತೆ. ಅಮ್ಮನಿಗೆ ಉಬ್ಬಸ, ತೋರಿಸೋಕೆ ಅವರದೇ ಡಾಕ್ಟ್ರಿದಾರೆ. ನಾನೇನ್ ಮಾಡ್ಲಿ ಹೇಳಿ."

ಪತ್ರವನ್ನು ಹೆಡ್‌ಮಾಸ್ಟರ ಮೇಜಿಗೆ ಮುಟ್ಟಿಸಿದೆ.

ಪೇಪರಿನಲ್ಲಿ ಜಾಹೀರಾತು ಹಾಕಿಸಿದೆವು. ಒಬ್ಬ ಹುಡುಗ ಬಂದ, ಚೆನ್ನಾಗಿಯೇ ಪಾಠ ಮಾಡಿದ, ಕೆಲವೇ ವಾರಗಳಲ್ಲಿ ಅದೇ ಕಾರ್ಖಾನೆಯಿಂದ ಕರೆ ಬಂತೆಂದು ಸಿಹಿ ಹಂಚಿ ಹೊರಟುಹೋದ. ಆಮೇಲೆ ಯಾರೂ ಬರಲಿಲ್ಲ. ಎಸ್ಸೆಸ್ಸೆಲ್ಸಿ ಹುಡುಗರ ಬೀಜಗಣಿತ ನಿಂತೇಹೋಗಬಾರದೆಂದು ಹೆಡ್‌ಮಾಸ್ಟರು ನನ್ನನ್ನೇ ಕ್ಲಾಸಿಗೆ ಕಳಿಸಿದರು. ಹಿಂದಿನ ರಾತ್ರಿ ಕಲಿತದ್ದನ್ನು ಬೆಳಿಗ್ಗೆ ಹೇಳುತ್ತಿದ್ದೆ. ಹುಡುಗರು ಪ್ರಶ್ನೆ ಕೇಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರಿಗೂ ಅದು ಗೊತ್ತಾಗಿ, ಪಾಪ, ಕೇಳುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷರು ಮತ್ತೀಕೆರೆಯ ದ್ರಾಕ್ಷಿ ತೋಟದವರು. ಅವರ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ.

"ನಂಗೂ ಅದೇ ಗೋಳು ಮೇಷ್ಟ್ರೇ" ಎಂದರು. "ಚಪ್ಪರ ಕಟ್ಟಾಕೆ ಒಬ್ಬ ಗಂಡಾಳಿಲ್ಲ. ಎಲ್ಲಾ ಕಾರ್ಖಾನೆ ಗ್ವಾಡೆ ಕಟ್ಟಾಕೆ ಓಗವ್ರೆ. ಇಂಗೇ ಆದ್ರೆ ನಾನೂ ಒಂದಿನ ಅಲ್ಲೇ ಓಗಿ ನಿಂತ್ಕೊಳಾದೇಯ."

ಕೊನೆಗೆ ಒಂದು ಭಾನುವಾರ, ಬಿಟ್ಟುಹೋದ ಮೇಷ್ಟ್ರನ್ನೇ ಬೇಡಿಕೊಳ್ಳೋಣವೆಂದು ಸೈಕಲ್ ಏರಿ ಕ್ವಾರ್ಟರ್ಸಿಗೆ ಹೋದೆ. ವಾರಕ್ಕೊಮ್ಮೆಯಾದರೂ ಬಂದು ಪಾಠ ಮಾಡಿ ಎಂದೆ.

"ವಾರವಿಡೀ ಶಿಫ್ಟ್ ಮಾಡಿರ್ತೀನಿ ಸಾರ್. ಒಂದಿನ ಬಂದು ಎಷ್ಟು ಕಲಿಸೋಕಾಗುತ್ತೆ? ಹುಡುಗರಿಗೂ ಮೋಸ, ನಿಮಗೂ ಮೋಸ."

ಅವರ ಹೆಂಡತಿ ಕಾಫಿ ತಂದಿಟ್ಟು ಅಲ್ಲೇ ನಿಂತರು. "ಪಕ್ಕದ್ಮನೆಯವರನ್ನ ಕೇಳ್ಬಾರ್ದಾ?" ಎಂದರು. "ಅವರೂ ಗಣಿತದಲ್ಲಿ ಬಿ.ಎಸ್ಸಿ. ಮಾಡಿದಾರೆ. ನಮ್ಮ ನಾದಿನಿಗೆ ಲೆಕ್ಕ ಹೇಳ್ಕೊಡ್ತಿರೋದು ಅವರೇ. ಈ ಸಾಲಲ್ಲಿ ಅಂಥೋರು ಇನ್ನೂ ಇದಾರೆ. ಓದ್ಕೊಂಡು ಬಂದು ಒಲೆ ಮುಂದೆ ಕೂತಿದಾರೆ."

ನಮ್ಮ ಮೇಷ್ಟ್ರುಗಳನ್ನು ಸೆಳೆದುಕೊಂಡ ಕಾರ್ಖಾನೆ ದೂರದ ಊರುಗಳಿಂದ ಇಂಜಿನಿಯರುಗಳನ್ನು ತಂದಿತ್ತು. ಅವರ ಹಿಂದೆಯೇ ಓದಿಕೊಂಡ ಹೆಂಡತಿಯರೂ ಬಂದಿದ್ದರು. ನಾವು ಯಾರೂ ಈ ಕಡೆ ತಿರುಗಿ ನೋಡಿರಲಿಲ್ಲ.

ಪಕ್ಕದ ಮನೆಯವರು ಧಾರವಾಡದವರು. ಆಕೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ನನ್ನ ಮಾತು ಕೇಳಿದರು. ಮುಖ ಅರಳಿತು, ಕೂಡಲೇ ಬಾಡಿತು.

"ಬರಬೇಕಂತ ಭಾಳ ಆಶಾ ಅದ ರೀ. ಆದ್ರ ಕೂಸು ಇನ್ನೂ ಸಣ್ಣದು. ಇದನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ಸಾಲಿಗೆ ಕರಕೊಂಡ ಬರಬಹುದೇನ್ರಿ?"

ಗಂಡ ಒಳಗಿನಿಂದ ಬಂದು ನಕ್ಕರು. "ಹೂಂ ಅನ್ರಿ ಸರ್. ಇಲ್ಲಿ ಮಾತಾಡ್ಲಿಕ್ಕೆ ಒಬ್ಬರೂ ಇಲ್ಲ ಅಂತ ದಿನಾ ನನ್ನ ಮ್ಯಾಲೆ ಸಿಟ್ಟಾಗ್ತಾಳ."

ಯಾರನ್ನೂ ಕೇಳದೆ ಹೂಂ ಅಂದುಬಿಟ್ಟೆ.

ಸಮಿತಿಯಲ್ಲಿ ಅದು ಸುಲಭವಾಗಲಿಲ್ಲ. "ಮೀಸೆ ಬಂದ ಐಕಳು ಅವು" ಎಂದರು ಅಧ್ಯಕ್ಷರು. "ಎಣ್ಣೆಂಗ್ಸು ಕೂಸು ಎತ್ಕೊಂಡು ಬಂದು ಅವನ್ನ ಇಡಿದು ಕೂರಿಸ್ತಾಳಾ?"

ಹೆಡ್‌ಮಾಸ್ಟರು ಮಂಡಿ ಸವರಿಕೊಳ್ಳುತ್ತಾ ಮೆತ್ತಗೆ ಹೇಳಿದರು: "ಬೇರೆ ಯಾರನ್ನಾದ್ರೂ ನೀವೇ ತೋರಿಸಿ. ನಾಳೆ ಬೆಳಿಗ್ಗೆ ಅವರನ್ನೇ ತಗೋತೀನಿ."

ಅಧ್ಯಕ್ಷರು ಟವೆಲಿನಿಂದ ಮುಖ ಒರೆಸಿಕೊಂಡರು. "ನಮ್ಮ ತೋಟದಾಗೂ ಈಗ ಎಂಗಸ್ರೇ ಚಪ್ಪರ ಕಟ್ತಾವ್ರೆ" ಎಂದರು. "ಗಂಡಸ್ರಿಗಿಂತ ಬಿಗಿಯಾಗೇ ಕಟ್ಟವ್ರೆ. ಬರ್ಲಿ ಬಿಡಿ."

ಮಗುವಿನ ಚಿಂತೆಯೂ ಬಗೆಹರಿಯಿತು. ನಮ್ಮ ಜವಾನ ಶಾಲೆಯ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿದ್ದ. ಅವನ ಹೆಂಡತಿ ಮನೆಯಲ್ಲಿ ಉರ್ದು ಆಡುವಾಕೆ, ಮಕ್ಕಳೆಲ್ಲ ದೊಡ್ಡವರಾಗಿದ್ದರು. "ಬಿಟ್ಟು ಹೋಗಿ ಅಮ್ಮಾ, ನಾನು ನೋಡ್ಕೊಂತೀನಿ" ಎಂದು ಆಕೆ ಕೈ ಚಾಚಿದ ಕೂಡಲೇ ಮಗು ಹೋಗಿಬಿಟ್ಟಿತು.

ಮೊದಲ ದಿನ ನಾನು ಕ್ಲಾಸಿನ ಹೊರಗೆ ವರಾಂಡದಲ್ಲೇ ಸುಳಿದಾಡುತ್ತಿದ್ದೆ. ಆಕೆಯ ಧಾರವಾಡದ ಮಾತು ಕೇಳಿ ಹುಡುಗರು ಕಿಸಕ್ಕೆಂದರು. ಆಕೆ ಸೀಮೆಸುಣ್ಣ ಕೆಳಗಿಟ್ಟರು.

"ನಗೋದು ನನ್ನ ಮಾತಿಗೋ, ಲೆಕ್ಕಕ್ಕೋ?"

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ಮಾತಿಗೆ ಮೇಡಂ."

"ಹಂಗಿದ್ರ ಅಡ್ಡಿಯಿಲ್ಲ. ಮಾತಿಗೆ ಎಷ್ಟ ಬೇಕಾದ್ರೂ ನಕ್ಕೋರಿ. ಲೆಕ್ಕಕ್ಕ ಮಾತ್ರ ನಗಬ್ಯಾಡ್ರಿ."

ಇಡೀ ಕ್ಲಾಸು ನಕ್ಕಿತು, ಆಕೆಯೂ ನಕ್ಕರು. ಆಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಪ್ರಶ್ನೆ ಕೇಳಿದ, ಇನ್ನೊಬ್ಬನೂ ಕೇಳಿದ. ಎಷ್ಟೋ ದಿನದಿಂದ ಅವರು ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಗಳು ಒಂದೊಂದಾಗಿ ಹೊರಬಂದವು. ನಾನು ಸ್ಟಾಫ್ ರೂಮಿಗೆ ಹೋಗಿ ಬೀಜಗಣಿತದ ಪುಸ್ತಕವನ್ನು ಬೀರುವಿಗೆ ಹಾಕಿ ಬಾಗಿಲು ಮುಚ್ಚಿದೆ. ಅಂದು ಸಂಜೆ ನಾನು ಎರಡು ಸಲ ಬಡಿಸಿಕೊಂಡು ಊಟ ಮಾಡಿದೆನೆಂದು ಮನೆಯಾಕೆ ಬಹಳ ದಿನ ಹೇಳಿಕೊಂಡು ನಗುತ್ತಿದ್ದಳು.

ಆ ವರ್ಷ ನಮ್ಮ ಹುಡುಗರು ಗಣಿತದಲ್ಲಿ ದಡ ಸೇರಿದರು, ಒಬ್ಬಿಬ್ಬರನ್ನು ಬಿಟ್ಟು. ಮಗುವೂ ಮಾತು ಕಲಿಯಿತು. ನೀರು ಬೇಕಾದಾಗ "ಪಾನಿ" ಅನ್ನುತ್ತಿತ್ತು. ಧಾರವಾಡದಿಂದ ಬಂದ ಅಜ್ಜಿಗೆ, ಅದು ಜವಾನನ ಹೆಂಡತಿಯಿಂದ ಕಲಿತ ಮಾತೆಂದು ತಿಳಿಸುವುದೇ ದೊಡ್ಡ ಕೆಲಸವಾಯಿತಂತೆ.

ಮುಂದಿನ ಜೂನ್‌ನಲ್ಲಿ ಡ್ರಾಯಿಂಗ್ ಮೇಷ್ಟ್ರು ಬಂದು, ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದೆಯೆಂದು ಅಳುಕುತ್ತಲೇ ಹೇಳಿದರು. ಹೆಡ್‌ಮಾಸ್ಟರು ಕೈಕುಲುಕಿ "ಒಳ್ಳೇದಾಗ್ಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಕ್ವಾರ್ಟರ್ಸ್ ಕಡೆ ಒಂದು ಸುತ್ತು ಹೋಗ್ಬನ್ನಿ. ಯಾರ ಮನೇಲಾದ್ರೂ ಚಿತ್ರ ಬರೆಯೋರು ಇದ್ದೇ ಇರ್ತಾರೆ."